ಅಜ್ಜನ ಟ್ರಂಕಿನ ಅಂಚೆಚೀಟಿ ಯಾರಿಗೆ?

ಶಹಾಪುರ ತಾಲ್ಲೂಕಿನ ಗೋಗಿಯಂಥ ಊರಿನಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಟ್ರಂಕಿನಲ್ಲಿ ನಾಲ್ಕು ಆಲ್ಬಂ ತುಂಬ ಅಂಚೆಚೀಟಿಗಳು. ಶಾಲೆಗೆ ಹೋಗುವಾಗ ಆರಂಭಿಸಿದ ಹವ್ಯಾಸ. ಈಗ ಕಣ್ಣು ಮಂಜು, ಮಗನಿಗೆ ಪುರುಸೊತ್ತಿಲ್ಲ, ಮೊಮ್ಮಗನಿಗೆ ಆಸಕ್ತಿಯಿಲ್ಲ. ಇವನ್ನು ಏನು ಮಾಡುವುದು? ಅವರು ನಿರ್ಧರಿಸದಿದ್ದರೆ ಮುಂದೊಂದು ದಿನ ರದ್ದಿ ಅಂಗಡಿಯ ತಕ್ಕಡಿ ನಿರ್ಧರಿಸುತ್ತದೆ.

ಮಾರಿದರೆ ಲಕ್ಷಗಟ್ಟಲೆ ಬಂದೀತೆಂಬ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಹಳೆಯದೆಲ್ಲ ಬೆಲೆಬಾಳುವುದಿಲ್ಲ. ಸ್ವಾತಂತ್ರ್ಯಾನಂತರದ ಬಹುಪಾಲು ಸ್ಮರಣಾರ್ಥ ಚೀಟಿಗಳು ಲಕ್ಷಗಳ ಸಂಖ್ಯೆಯಲ್ಲಿ ಅಚ್ಚಾದವು. ಕೂಡಿಟ್ಟವರೂ ಬಹಳ, ಕೊಳ್ಳುವವರು ಕಡಿಮೆ. 1948ರ ಹತ್ತು ರೂಪಾಯಿಯ ಗಾಂಧೀಜಿ ಚೀಟಿಗೆ ಬೆಲೆಯಿದೆ ನಿಜ, ಆದರೆ ಅದರ ನಕಲಿಗಳೂ ಸಾಕಷ್ಟಿವೆ. ತಿಳಿದವರ ಕಣ್ಣಿಗೆ ಬೀಳುವ ಮುನ್ನ ಮಾರಲೂಬಾರದು, ಬಿಸಾಡಲೂಬಾರದು.

ಗೋಗಿ ಕಡೆಯ ಟ್ರಂಕುಗಳಲ್ಲಿ ಹುಡುಕಬೇಕಾದದ್ದು ಬೇರೆಯೇ ಇದೆ. ಈ ಸೀಮೆ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರು 1869ರಿಂದಲೇ ತಮ್ಮದೇ ಅಂಚೆಚೀಟಿ ಹೊರಡಿಸಿದ್ದರು. 1931ರ ಸರಣಿಯಲ್ಲಿ ಒಂದಾಣೆಯ ಮೇಲೆ ಚಾರ್‌ಮಿನಾರ್, ನಾಲ್ಕಾಣೆಯ ಮೇಲೆ ಉಸ್ಮಾನ್ ಸಾಗರ, ಹನ್ನೆರಡಾಣೆಯ ಮೇಲೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸಾ! ಆದರೆ ಈ ಚೀಟಿ ಸಂಸ್ಥಾನದೊಳಗೆ ಮಾತ್ರ ನಡೆಯುತ್ತಿತ್ತು. ವಿಜಾಪುರ ಆಗ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ವಿಜಾಪುರವನ್ನಾಳಿದ ಯೂಸುಫ್ ಆದಿಲ್ ಶಾಹನ ಗೋರಿ ಇರುವುದು ಗೋಗಿಯಲ್ಲಿ. ಆದರೂ ಗೋಗಿಯಿಂದ ವಿಜಾಪುರಕ್ಕೆ ಕಾಗದ ಬರೆದರೆ ನಿಜಾಮರ ಚೀಟಿ ಸಲ್ಲದು, ಬ್ರಿಟಿಷ್ ಇಂಡಿಯಾದ ಚೀಟಿಯೇ ಬೇಕು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ಅದರ ಅಂಚೆಯೂ 1950ರಲ್ಲಿ ಭಾರತದ ಅಂಚೆಯೊಳಗೆ ಕರಗಿತು.

ಹೀಗಾಗಿ ಅಜ್ಜನ ತಂದೆಗೆ ಆ ಕಾಲದಲ್ಲಿ ಬಂದ ಲಕೋಟೆ ಇದ್ದರೆ, ಚೀಟಿಗಿಂತ ಲಕೋಟೆಯೇ ದೊಡ್ಡದು. ಶಹಾಪುರದ್ದೋ ಸುರಪುರದ್ದೋ ಮುದ್ರೆ, ತಾರೀಖು, ವಿಳಾಸ ಎಲ್ಲ ಕೂಡಿದರೇ ಅದು ಚರಿತ್ರೆಯ ದಾಖಲೆ. ಅದನ್ನು ನೀರಲ್ಲಿ ನೆನೆಸಿ ಚೀಟಿ ಕಿತ್ತರೆ ಉಳಿಯುವುದು ಬಣ್ಣದ ಕಾಗದದ ಚೂರು ಮಾತ್ರ. ಮಕ್ಕಳು ಉತ್ಸಾಹದಲ್ಲಿ ಮಾಡುವ ಮೊದಲ ತಪ್ಪೇ ಇದು.

ಎರಡನೆಯ ತಪ್ಪು ಸೆಲೋ ಟೇಪು. ಅದರ ಅಂಟು ಕಾಲಕ್ರಮೇಣ ಕಾಗದದೊಳಗೆ ಇಳಿದು ಹಳದಿ ಕಲೆ ಬಿಡುತ್ತದೆ. ಅಗ್ಗದ ಪಿವಿಸಿ ಹಾಳೆಗಳಿಂದಲೂ ರಾಸಾಯನಿಕ ಒಸರಿ ಬಣ್ಣ ಕೆಡುತ್ತದೆ. ಚೀಟಿಯ ಹಿಂಬದಿಯ ಗೋಂದು ಗಾಳಿಯ ತೇವ ಹೀರುವ ಗುಣದ್ದು. ಮಳೆಗಾಲದಲ್ಲಿ ಚೀಟಿಗಳು ಒಂದಕ್ಕೊಂದು ಅಂಟಿಕೊಳ್ಳುವುದು ಅದರಿಂದಲೇ.

ಇನ್ನು ಕೊಡುವ ಮಾತು. ಇಂಗ್ಲೆಂಡಿನ ಥಾಮಸ್ ಟ್ಯಾಪ್ಲಿಂಗ್ 1891ರಲ್ಲಿ ತೀರಿಕೊಂಡಾಗ ಅವರ ಸಂಗ್ರಹ ಉಯಿಲಿನಂತೆ ಬ್ರಿಟಿಷ್ ಮ್ಯೂಸಿಯಂ ಸೇರಿತು. ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿ ಇಡಿಯಾಗಿದೆ. ಅವರಿಗಿಂತ ದೊಡ್ಡ ಸಂಗ್ರಾಹಕ ಪ್ಯಾರಿಸ್ಸಿನ ಫೆರಾರಿ ತನ್ನದು ಬರ್ಲಿನ್ ಅಂಚೆ ಮ್ಯೂಸಿಯಂಗೆ ಹೋಗಲೆಂದು ಬಯಸಿದ್ದರು. 1917ರಲ್ಲಿ ಅವರು ತೀರಿಕೊಂಡರು, ಆಗ ಯುದ್ಧಕಾಲ. ಫ್ರಾನ್ಸ್ ಸರ್ಕಾರ ಅದನ್ನು ಶತ್ರುವಿನ ಸ್ವತ್ತೆಂದು ಹಿಡಿದು 1921ರಿಂದ ಹರಾಜು ಹಾಕಿತು. ಬರೆದಿಟ್ಟ ಮಾತೂ ಒಮ್ಮೊಮ್ಮೆ ನಡೆಯದು. ಕೈಯಾರೆ ಕೊಟ್ಟು ಹೋಗುವುದೇ ವಾಸಿ.

ಸಾಮಾನ್ಯ ಚೀಟಿಗಳು, ಒಂದಕ್ಕಿಂತ ಹೆಚ್ಚಿರುವವು, ಊರಿನ ಶಾಲೆಗೆ ಹೋಗಲಿ. ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ ದೀನ್ ದಯಾಳ್ ಸ್ಪರ್ಶ್ ಯೋಜನೆ ಆರರಿಂದ ಒಂಬತ್ತನೇ ತರಗತಿಯವರಿಗೆ ಈ ಹವ್ಯಾಸಕ್ಕೆಂದೇ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ ಇಟ್ಟಿತು. ಅದಕ್ಕೆ ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಇಲ್ಲವೇ ಅಂಚೆ ಇಲಾಖೆಯಲ್ಲಿ ಫಿಲಾಟೆಲಿ ಖಾತೆ ಬೇಕು. ಆಸಕ್ತಿಯಿಲ್ಲ ಎನ್ನುವ ಮೊಮ್ಮಗನ ತಾಯಿತಂದೆ ಇದನ್ನೊಮ್ಮೆ ವಿಚಾರಿಸಬಾರದೇಕೆ? ಬೆಲೆಯುಳ್ಳವೆಂದು ಅನುಮಾನವಿದ್ದರೆ ಬೆಂಗಳೂರಿನ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಅನುಭವಿಗಳನ್ನು ಕೇಳಬಹುದು.

ನಿಜಾಮರ ಕಾಲದ ಲಕೋಟೆಗಳನ್ನು ಮಾತ್ರ ಚದುರಿಸಬಾರದು. ಯಾರಿಗೆ ಕೊಟ್ಟರೂ ಒಟ್ಟಿಗೇ ಕೊಡಬೇಕು. ಅದಕ್ಕೂ ಮುಂಚೆ ಮೊಮ್ಮಗ ಒಂದು ಭಾನುವಾರ ಅಜ್ಜನ ಪಕ್ಕ ಕೂರಲಿ. ಈ ಕಾಗದ ಬರೆದವರು ಯಾರು, ಯಾವ ಊರಿನಿಂದ, ಯಾವ ಕೆಲಸಕ್ಕೆ ಎಂದು ಕೇಳಿ, ಲಕೋಟೆಗೊಂದರಂತೆ ಚೀಟಿ ಬರೆದು ಜೊತೆಗಿಡಲಿ. ಬೇರೆ ಕಾಗದದ ಮೇಲೆ, ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ಇಳಿಯುತ್ತದೆ.