ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆ

ನಮ್ಮಕ್ಕ ಮುಂಬಯಿಯಿಂದ ಹಡಗಿನ ಪ್ರವಾಸಕ್ಕೆ ಹೊರಟಾಗ, ಔತಣದ ರಾತ್ರಿಗೆಂದು ತಾಯಿಯವರು ತಮ್ಮ ಧಾರೆ ಸೀರೆಯನ್ನೇ ಕೊಟ್ಟರು. ಅದನ್ನು ಪೆಟ್ಟಿಗೆಗೆ ಸೇರಿಸುವ ಹೊಣೆ ನನ್ನದಾಯಿತು. ಹಡಗಿನ ಕೋಣೆಗಳಲ್ಲಿ ಬೆಂಕಿಯ ಭಯದಿಂದ ಸಾಮಾನ್ಯವಾಗಿ ಇಸ್ತ್ರಿಪೆಟ್ಟಿಗೆಗೆ ಅನುಮತಿಯಿಲ್ಲ; ಆದುದರಿಂದ ಸುಕ್ಕು ಬೀಳದಂತೆ ನೋಡಿಕೊಳ್ಳುವುದೊಂದೇ ದಾರಿ.

ಸುಕ್ಕಿಗೆ ಕಾರಣಗಳು ಮೂರು: ಚೂಪು ಮಡಿಕೆ, ಭಾರ, ತೇವ. ತೇವದಲ್ಲಿ ಬಾಗಿದ ರೇಷ್ಮೆಯೆಳೆ ಒಣಗಿದ ಮೇಲೂ ಬಾಗಿದಂತೆಯೇ ನಿಲ್ಲುತ್ತದೆ. ಚೆನ್ನಾಗಿ ಆರಿದ ಸೀರೆಯನ್ನು ಅಗಲಕ್ಕೆ ಮೂರಾಗಿ ಮಡಿಸಿ, ನಡುವೆ ತೆಳು ಪಂಚೆ ಹಾಸಿ, 5.5 ಮೀಟರನ್ನೂ ಸಡಿಲವಾಗಿ ಸುರುಳಿ ಸುತ್ತಿ, ಎಲ್ಲದರ ಮೇಲಿಟ್ಟೆ. ತಲುಪಿದೊಡನೆ ಬಿಚ್ಚಿ ನೇತುಹಾಕಲು ಹೇಳಿದೆ.

ಅಕ್ಕ ಹಿಂತಿರುಗಿದಾಗ ಸೀರೆಯಲ್ಲಿ ಹೊಸ ಸುಕ್ಕೊಂದೂ ಇರಲಿಲ್ಲ. ಇದ್ದದ್ದು ಹಳೆಯ ಗೆರೆಯೊಂದೇ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ನಮ್ಮ ಬೀರುವಿನಲ್ಲಿಟ್ಟುದರ ಫಲ. ಅಲ್ಲಿ ಜರಿ ಸೀಳತೊಡಗಿತ್ತು. ಈಗ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತೇವೆ.