ಸಂಕಲ್ಪವೂ ಸರಳೆ ವರಸೆಯೂ

ಪೂಜೆಗೆ ಕುಳಿತವನು ಆರಂಭದಲ್ಲಿ ಮಾಡತಕ್ಕ ಕೆಲಸ ಸಂಕಲ್ಪ. ಕೈಯಲ್ಲಿ ಅಕ್ಷತೆಯನ್ನು ಹಿಡಿದು, ತಾನಿರುವ ಭೂಭಾಗವಾವುದು, ಸಂವತ್ಸರವಾವುದು, ಋತು ಮಾಸ ಪಕ್ಷ ತಿಥಿಗಳಾವುವು, ತನ್ನ ಗೋತ್ರ ನಾಮಧೇಯಗಳೇನು ಎಂಬುದನ್ನೆಲ್ಲ ಉಚ್ಚರಿಸಿ, ಇಂಥ ಕರ್ಮವನ್ನು ಮಾಡುತ್ತೇನೆಂದು ನೀರು ಬಿಟ್ಟ ಮರುಕ್ಷಣವೇ ಅವನು ಆ ಕರ್ಮದಲ್ಲಿ ತೊಡಗಬೇಕು. ಅಂದರೆ ಸಂಕಲ್ಪಕ್ಕೆ ಒಂದು ಸ್ಥಳ ಬೇಕು, ಒಂದು ಹೊತ್ತು ಬೇಕು, ಒಡನೆಯೇ ಕೈಗೆತ್ತಿಕೊಳ್ಳಬಹುದಾದ ಒಂದು ಚಿಕ್ಕ ಕೆಲಸ ಬೇಕು. ಬಾಲ್ಯದಿಂದ ನೂರಾರು ಸಲ ಕೇಳಿದ್ದ ಈ ವಿಧಿಯ ವಿವೇಕ ನನ್ನ ಮನಸ್ಸಿಗೆ ಇಳಿದುದು ಮಾತ್ರ ಅರವತ್ತು ದಾಟಿದ ಮೇಲೆ, ನೆರೆಮನೆಯ ಜಗುಲಿಯಲ್ಲಿ ಇಬ್ಬರು ಮಕ್ಕಳ ಸಂಗೀತಾಭ್ಯಾಸವನ್ನು ಕೇಳುತ್ತ ಕುಳಿತಾಗ.

ಹತ್ತು ವರ್ಷದ ಹುಡುಗನಾಗಿದ್ದಾಗ ಕೆಲವು ತಿಂಗಳು ಪಾಠಕ್ಕೆ ಹೋಗಿ ಬಿಟ್ಟುಬಿಟ್ಟಿದ್ದ ಸಂಗೀತವನ್ನು ಮತ್ತೆ ಕಲಿಯಬೇಕೆಂದು ನಾನು ಎಷ್ಟು ಯುಗಾದಿಗಳಂದು ನಿಶ್ಚಯಿಸಿದ್ದೆನೋ ಲೆಕ್ಕವಿಟ್ಟಿಲ್ಲ. ಒಂದು ವರ್ಷ ಶ್ರುತಿಪೆಟ್ಟಿಗೆಯನ್ನು ಕೊಂಡು ತಂದೆ. ಇನ್ನೊಂದು ವರ್ಷ ಸ್ವರಗಳನ್ನು ಬರೆದುಕೊಳ್ಳಲು ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದೆ. ಚೈತ್ರ ಕಳೆದು ವೈಶಾಖ ಬರುವುದರೊಳಗೆ ಆ ಉತ್ಸಾಹ ಬೇವಿನ ಹೂವಿನಂತೆ ಉದುರಿಹೋಗುತ್ತಿತ್ತು. ‘ಈ ವರ್ಷ ಸಂಗೀತವನ್ನು ಕಲಿಯುತ್ತೇನೆ’ ಎಂಬ ಮಾತಿನಲ್ಲಿ ವರ್ಷವೂ ಇತ್ತು, ಸಂಗೀತವೂ ಇತ್ತು. ನಾಳೆ ಬೆಳಗ್ಗೆ ಎಲ್ಲಿ ಕುಳಿತು ಯಾವ ಸ್ವರವನ್ನು ಹಾಡಬೇಕೆಂಬುದು ಇರಲಿಲ್ಲ.

ನೆರೆಮನೆಯ ಹುಡುಗಿಗೆ ಒಂಬತ್ತು ವರ್ಷ, ಅವಳ ತಮ್ಮನಿಗೆ ಆರು. ಬೆಳಗ್ಗೆ ಆರೂವರೆಗೆ ಜಗುಲಿಯ ಮೇಲೆ ಚಾಪೆ ಹಾಸಿ, ಶ್ರುತಿ ಹಚ್ಚಿ, ಇಬ್ಬರೂ ಬಲತೊಡೆಯ ಮೇಲೆ ಆದಿತಾಳವನ್ನು ಹಾಕುತ್ತ ಸರಳೆ ವರಸೆಯನ್ನು ಆರಂಭಿಸುತ್ತಾರೆ. ಒಂದು ತಟ್ಟು, ಕಿರುಬೆರಳಿನಿಂದ ಮೊದಲಾಗಿ ಮೂರು ಬೆರಳ ಎಣಿಕೆ, ಮತ್ತೆ ತಟ್ಟಿ ಮಗುಚುವುದು, ಇನ್ನೊಮ್ಮೆ ತಟ್ಟಿ ಮಗುಚುವುದು: ಹೀಗೆ ಎಂಟು ಅಕ್ಷರ ಕಾಲ. ಮೊದಲ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಮೂರನೆಯ ಕಾಲಕ್ಕೆ ಬರುತ್ತಲೇ ತಮ್ಮನ ಬೆರಳುಗಳು ಹಿಂದೆ ಬಿದ್ದು ಸ್ವರಗಳು ಮುಂದೆ ಓಡುತ್ತವೆ, ಅಕ್ಕ ನಗುತ್ತಾಳೆ, ಅವನೂ ನಗುತ್ತಾನೆ, ಪುನಃ ಮೊದಲಿನಿಂದ.

ಈ ಪಾಠಕ್ರಮವನ್ನು ನಮ್ಮ ಸಂಪ್ರದಾಯವು ಪುರಂದರದಾಸರ ಹೆಸರಿಗೆ ಒಪ್ಪಿಸಿದೆ. ಸರಳೆ, ಜಂಟಿ, ದಾಟು, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ, ಇದೇ ಕ್ರಮದಲ್ಲಿ ಇಂದಿಗೂ ದಕ್ಷಿಣದೇಶದ ಮಕ್ಕಳೆಲ್ಲ ಮೆಟ್ಟಿಲೇರುತ್ತಾರೆ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನೇ ಆರಿಸಿದುದರಲ್ಲಿ ಮಕ್ಕಳ ಮನಸ್ಸಿನ ಎಂಥ ಪರಿಚಯವಿದೆಯೆಂಬುದನ್ನು ನಾನು ಗಮನಿಸಿದ್ದು ಈಚೆಗೆ. ಷಡ್ಜದಿಂದ ಋಷಭಕ್ಕೆ ಕಿರಿಹೆಜ್ಜೆ, ಋಷಭದಿಂದ ಗಾಂಧಾರಕ್ಕೆ ಹಿರಿಹೆಜ್ಜೆ, ಅಲ್ಲಿಂದ ಮಧ್ಯಮಕ್ಕೆ ಮತ್ತೆ ಕಿರಿಹೆಜ್ಜೆ. ಪಂಚಮದಿಂದ ಮೇಲಿನ ಷಡ್ಜದವರೆಗೆ ನಡೆದರೂ ಅದೇ ಕಿರಿದು, ಹಿರಿದು, ಕಿರಿದು. ಪೂರ್ವಾಂಗವನ್ನು ಕಲಿತ ಮಗುವಿಗೆ ಉತ್ತರಾಂಗವು ಅರಿಯದ ಊರಿನಂತೆ ತೋರದೆ, ಕಂಡ ಬೀದಿಯೇ ಇನ್ನೊಮ್ಮೆ ಎತ್ತರದಲ್ಲಿ ಎದುರಾದಂತೆ ತೋರುತ್ತದೆ. ಕಲಿಯುವವರ ಮೇಲೆ ಆಳವಾದ ಪ್ರೀತಿಯಿಲ್ಲದವರಿಗೆ ಇಂಥ ಮೊದಲ ಪಾಠವು ಹೊಳೆಯಲಾರದು.

ಮಕ್ಕಳ ಹಾಡುಗಾರಿಕೆಯನ್ನು ಕೇಳಿ ತನ್ನ ಉಳಿದ ಆಯುಷ್ಯವನ್ನೇ ಬೇರೆ ದಾರಿಗೆ ತಿರುಗಿಸಿಕೊಂಡ ಒಬ್ಬ ಮಹನೀಯರ ಚರಿತ್ರೆ ನನಗೆ ಆಗ ನೆನಪಿಗೆ ಬಂದಿತು. ಹಂಗೇರಿ ದೇಶದ ಜೋಲ್ತಾನ್ ಕೋದಾಯ್ ಅವರು ಹುಟ್ಟಿದುದು 1882ರಲ್ಲಿ, ಕೆಚ್ಕೆಮೇತ್ ಎಂಬ ಊರಿನಲ್ಲಿ. ತಂದೆ ರೈಲ್ವೆ ನೌಕರರು. ಮನೆಯಲ್ಲಿ ತಂದೆಯ ಪಿಟೀಲು, ತಾಯಿಯ ಪಿಯಾನೊ. ಎಳವೆಯ ಕೆಲವು ವರ್ಷಗಳನ್ನು ಕಳೆದ ಗಲಾಂತಾ ಎಂಬ ಸಣ್ಣ ಊರಿಗೆ ಅವರು 1905ರಲ್ಲಿ ಹಾಡು ಸಂಗ್ರಹಿಸುವವರಾಗಿ ಹಿಂದಿರುಗಿದರು. ಆಮೇಲೆ ಗೆಳೆಯ ಬೇಲಾ ಬಾರ್ತೋಕ್ ಅವರೂ ಜೊತೆಗೂಡಿ, ಮೇಣದ ಉರುಳೆಯ ಮೇಲೆ ಧ್ವನಿ ಮುದ್ರಿಸುವ ಯಂತ್ರವನ್ನು ಹೊತ್ತು, ಹಳ್ಳಿಹಳ್ಳಿಗಳ ಹಾಡುಗಳನ್ನು ಬರೆದುಕೊಂಡರು. 1923ರಲ್ಲಿ ಬುಡಾಪೆಸ್ಟ್ ನಗರದ ಐವತ್ತನೆಯ ವರ್ಷದ ಉತ್ಸವಕ್ಕಾಗಿ ರಚಿಸಿದ ಮಹಾಕೃತಿಯೊಂದು ಅವರಿಗೆ ದೇಶವಿದೇಶಗಳಲ್ಲಿ ಕೀರ್ತಿಯನ್ನು ತಂದಿತು. ಅಷ್ಟು ಹೊತ್ತಿಗೆ ಅವರು ಬುಡಾಪೆಸ್ಟಿನ ಸಂಗೀತ ವಿದ್ಯಾಲಯದ ಅಧ್ಯಾಪಕರು, ನಲವತ್ತು ದಾಟಿದವರು. ಇನ್ನು ದೊಡ್ಡ ಮೇಳಗಳಿಗಾಗಿ ದೊಡ್ಡ ಕೃತಿಗಳನ್ನು ಬರೆಯುತ್ತ ಸುಖವಾಗಿರಬಹುದಾಗಿತ್ತು.

ಆದರೆ 1925ರ ಸುಮಾರಿಗೆ ಶಾಲೆಯಲ್ಲಿ ಕಲಿತ ಹಾಡುಗಳನ್ನು ಹಾಡುತ್ತಿದ್ದ ವಿದ್ಯಾರ್ಥಿಗಳ ದನಿ ಅವರ ಕಿವಿಗೆ ಬಿದ್ದಿತು. ಹಾಡುಗಳು ನಿಸ್ಸಾರವಾದವು, ತಾವು ಹಳ್ಳಿಗಳಲ್ಲಿ ಕಂಡ ಐಶ್ವರ್ಯದ ಕಣವೂ ಅವುಗಳಲ್ಲಿಲ್ಲ. ಇದನ್ನು ಕೇಳಿ ಮಕ್ಕಳನ್ನು ದೂರಿದ್ದರೆ ಅವರೂ ಹತ್ತರಲ್ಲಿ ಹನ್ನೊಂದನೆಯ ವಿದ್ವಾಂಸರಾಗುತ್ತಿದ್ದರು. ಮಕ್ಕಳಿಗೆ ಒಳ್ಳೆಯ ಹಾಡು ಸಿಕ್ಕದಿರುವುದು ತಮ್ಮಂಥವರ ಲೋಪವೆಂದು ಕೋದಾಯ್ ಅವರಿಗೆ ತೋರಿತು. ಜನಪದ ಗೀತೆಗಳನ್ನಾಧರಿಸಿ ಅವರು ಮಕ್ಕಳ ಮೇಳಕ್ಕೆಂದು ರಚಿಸಿದ ಹಾಡುಗಳು 1925ರಲ್ಲಿಯೇ ಹೊರಬಂದವು. 1929ರಲ್ಲಿ ಮಕ್ಕಳ ಮೇಳಗಳನ್ನು ಕುರಿತು ಪ್ರಬಂಧ ಬರೆದರು. 1937ರಿಂದ ಎರಡು ದನಿಗಳಿಗೆ ಹೊಂದಿಸಿದ ಸಣ್ಣ ಸಣ್ಣ ಗೀತೆಗಳ ಪುಸ್ತಕಗಳು, 1943ರಲ್ಲಿ ಸ್ವರ ಓದುವುದನ್ನು ಕಲಿಸುವ 333 ಅಭ್ಯಾಸಗಳು. ಮಹಾಕೃತಿಗಳನ್ನು ಬರೆಯಬಲ್ಲ ಕೈ, ಐದೇ ಸ್ವರಗಳ ನಾಲ್ಕು ಸಾಲಿನ ಪಾಠವನ್ನು ಅದೇ ಶ್ರದ್ಧೆಯಿಂದ ವರ್ಷಗಟ್ಟಲೆ ಬರೆಯುತ್ತ ಹೋಯಿತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಅವರ ಪದ್ಧತಿಯಲ್ಲಿ ನಮ್ಮ ಓದುಗರಿಗೆ ಒಡನೆಯೇ ಪರಿಚಿತವೆನಿಸುವ ಅಂಶವೊಂದುಂಟು. ಯೂರೋಪಿನ ಹಲವು ದೇಶಗಳಲ್ಲಿ ‘ದೋ’ ಎಂದರೆ ಪಿಯಾನೊದ ಒಂದು ನಿಶ್ಚಿತವಾದ ಮನೆ, ಅದು ಕದಲುವುದಿಲ್ಲ. ಕೋದಾಯ್ ಅವರ ಪದ್ಧತಿಯಲ್ಲಿ ‘ದೋ’ ಕದಲುತ್ತದೆ. ಹಾಡುವ ಮಗುವಿನ ಕಂಠಕ್ಕೆ ಎಲ್ಲಿ ಸುಖವೋ ಅಲ್ಲಿ ಅದನ್ನು ನಿಲ್ಲಿಸಿಕೊಳ್ಳಬಹುದು, ನಮ್ಮ ಷಡ್ಜದಂತೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಮಹಿಳೆ ಮಕ್ಕಳಿಗೆ ಕಲಿಸುತ್ತ ಕಂಡುಕೊಂಡ ಈ ಮಾರ್ಗವನ್ನು ಜಾನ್ ಕರ್ವೆನ್ ಎಂಬ ಪಾದ್ರಿ ಬೆಳೆಸಿ, ಸ್ವರಕ್ಕೊಂದರಂತೆ ಹಸ್ತಮುದ್ರೆಗಳನ್ನು ಜೋಡಿಸಿದ್ದರು. ‘ದೋ’ಗೆ ಮುಷ್ಟಿ, ‘ಮಿ’ಗೆ ನೆಲಕ್ಕೆ ಸಮನಾಗಿ ಚಾಚಿದ ಅಂಗೈ. ಹಂಗೇರಿಯ ಅಧ್ಯಾಪಕರು ಅವನ್ನು ತಮ್ಮದಾಗಿಸಿಕೊಂಡರು. ಮಗುವಿನ ಸ್ವಂತ ಕಂಠವೇ ಮೊದಲ ವಾದ್ಯ, ಮಗುವಿನ ಮಾತೃಭಾಷೆಯ ಹಾಡೇ ಮೊದಲ ಪಾಠ ಎಂಬುದು ಅವರೆಲ್ಲರ ನಿಲುವು. 1950ರಲ್ಲಿ, ಕೋದಾಯ್ ಅವರು ಹುಟ್ಟಿದ ಕೆಚ್ಕೆಮೇತಿನಲ್ಲಿಯೇ, ಎಳೆಯ ಮಕ್ಕಳು ಲೆಕ್ಕ ಭಾಷೆಗಳಂತೆ ಹಾಡನ್ನೂ ದಿನವೂ ಕಲಿಯುವ ಪ್ರಾಥಮಿಕ ಶಾಲೆ ತೆರೆಯಿತು. ಆಗ ಅವರಿಗೆ ಅರವತ್ತೇಳು ವರ್ಷ. ಆಮೇಲೆ 1967ರವರೆಗೂ ಬದುಕಿದ್ದು, ಆ ಕ್ರಮವು ಇತರ ದೇಶಗಳಿಗೆ ಹಬ್ಬುವುದನ್ನು ಕಂಡರು.

ಇಂಥ ನಿಷ್ಠೆಗೆ ನಾವು ಸಾಗರದಾಚೆಗೇ ನೋಡಬೇಕಾಗಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಕೊಟ್ಟ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ತಾವೇ ಅಂಧರು. 1944ರಲ್ಲಿ ಅವರು ಕಣ್ಮರೆಯಾದ ಮೇಲೆ ಆ ಭಾರವನ್ನು ಹೊತ್ತು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಈ ಗುರುಶಿಷ್ಯರ ಚರಿತ್ರೆ ಪ್ರತ್ಯೇಕವಾದ ಲೇಖನಕ್ಕೆ ಅರ್ಹವಾದುದು. ಇಲ್ಲಿ ಕೈಮುಗಿದು ಮುಂದೆ ಸಾಗುತ್ತೇನೆ.

ಎರಡು ದನಿಗಳ ಗೀತೆಗಳಿಗೆ ಕೋದಾಯ್ ಅವರು ಅಷ್ಟು ಮಹತ್ತ್ವ ಕೊಟ್ಟುದಕ್ಕೆ ಕಾರಣವಿದೆ. ಒಬ್ಬನೇ ಹಾಡುವವನಿಗೆ ತನ್ನ ಅಪಸ್ವರ ಕೇಳಿಸುವುದು ಕಷ್ಟ. ಪಕ್ಕದಲ್ಲಿ ಇನ್ನೊಂದು ಕಂಠವಿದ್ದರೆ ಕಿವಿ ತಾನಾಗಿಯೇ ಎಚ್ಚರಗೊಳ್ಳುತ್ತದೆ. ಶುದ್ಧವಾಗಿ ಹಾಡುವುದನ್ನು ಕಲಿಸಲೆಂದೇ ಅವರು 1941ರಲ್ಲಿ ಎರಡು ದನಿಗಳ ಅಭ್ಯಾಸಗಳ ಪುಸ್ತಕವೊಂದನ್ನು ಹೊರತಂದರು. ನನ್ನ ರಟ್ಟಿನ ಪುಸ್ತಕವೂ ಶ್ರುತಿಪೆಟ್ಟಿಗೆಯೂ ಇಷ್ಟು ಕಾಲ ಏಕೆ ಮೂಕವಾಗಿದ್ದುವೆಂದು ಇದನ್ನೋದಿದ ಮೇಲೆ ನನಗೆ ಅರ್ಥವಾಯಿತು. ಮರುದಿನ ಆರೂವರೆಗೆ ನಾನೂ ಒಂದು ಚಾಪೆಯನ್ನು ಹಿಡಿದು ನೆರೆಮನೆಯ ಜಗುಲಿಗೆ ಹೋದೆ. ಸಂಕಲ್ಪವನ್ನು ಅಂದು ಮನಸ್ಸಿನಲ್ಲಿಯೇ ಹೇಳಿಕೊಂಡೆ: ಈ ಜಗುಲಿ, ಈ ಹೊತ್ತು, ಮೊದಲನೆಯ ಸರಳೆ, ಮೊದಲನೆಯ ಕಾಲ. ವರ್ಷದ ಮಾತನ್ನು ಎತ್ತಲಿಲ್ಲ.

ಹುಡುಗಿಯ ಶ್ರುತಿ ನನ್ನ ಕಂಠಕ್ಕೆ ಎತ್ತರ. ಅದೇ ಷಡ್ಜವನ್ನು ಕೆಳಗಿನ ಸ್ಥಾಯಿಯಲ್ಲಿ ಹಿಡಿದು ಅವಳ ದನಿಯ ಕೆಳಗೆ ನನ್ನದನ್ನು ಹೊಂದಿಸಿಕೊಂಡೆ. ಅರ್ಧ ಆವರ್ತ ಕಳೆಯುವುದರೊಳಗೆ ಅವಳು ಕೈ ನಿಲ್ಲಿಸಿ, ಹಿರಿಯರನ್ನು ತಿದ್ದಬಹುದೋ ಬಾರದೋ ಎಂಬ ಸಂಕೋಚದಿಂದ ಒಮ್ಮೆ ತಮ್ಮನ ಕಡೆ ನೋಡಿ, “ತಾತ, ನಿಮ್ಮ ರಿ ಮೇಲೆ ಹೋಗ್ಬಿಡ್ತು. ಇನ್ನೊಂದ್ಸಲ ಹೇಳೋಣ್ವಾ?” ಎಂದಳು. ಅವಳು ಹೇಳಿದುದು ನಿಜ. ಆ ಕಿರಿಹೆಜ್ಜೆಯನ್ನು ನಾನು ಹಿರಿದಾಗಿ ಇಟ್ಟಿದ್ದೆ. ಐವತ್ತು ವರ್ಷಗಳ ಹಿಂದೆ ಇದೇ ಮಾತು ಗುರುಗಳ ಬಾಯಿಂದ ಬಂದಾಗ ಅವಮಾನದಿಂದ ಕುಗ್ಗಿ ಪಾಠವನ್ನೇ ಬಿಟ್ಟಿದ್ದ ನಾನು, ಇಂದು “ಹೇಳೋಣಮ್ಮ” ಎಂದು ತೊಡೆಯ ಮೇಲೆ ತಾಳ ತಟ್ಟಿದೆ.

ಅದಾಗಿ ಏಳು ತಿಂಗಳಾದುವು. ನಡುವೆ ಜ್ವರ ಬಂದು ಹದಿನೈದು ದಿನ ಹೋಗಲಾಗಲಿಲ್ಲ. ಹಿಂದಿರುಗಿದಾಗ ಮಕ್ಕಳು ಏನೂ ಕೇಳದೆ ಚಾಪೆಯನ್ನು ಅತ್ತ ಸರಿಸಿ ಜಾಗ ಮಾಡಿಕೊಟ್ಟರು. ಅಕ್ಕ ಈಗ ಅಲಂಕಾರಗಳಲ್ಲಿ ಝಂಪೆ ತಾಳವನ್ನು ಮುಗಿಸಿ ತ್ರಿಪುಟಕ್ಕೆ ಬಂದಿದ್ದಾಳೆ. ನಾನೂ ತಮ್ಮನೂ ಜಂಟಿ ವರಸೆಯ ಎರಡನೆಯ ಕಾಲದಲ್ಲಿದ್ದೇವೆ. ಬೆರಳು ತಪ್ಪಿದವರು ಮೊದಲು ಒಪ್ಪಿಕೊಳ್ಳಬೇಕೆಂಬುದು ನಮ್ಮಿಬ್ಬರ ಒಪ್ಪಂದ.