ಹಳೆಯ ಮಂಚಕ್ಕೆ ಮೊಳೆ ಬೇಡ, ಅಂಟು ಸಾಕು



ಬೇಸಿಗೆಯಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಸಂಘದ ಸಭೆಗೆ ಹೋಗಿದ್ದೆವು. ಸಾಲದ ಅರ್ಜಿ ಓದುವಾಗ ಸದಸ್ಯರೊಬ್ಬರು ಹೊಸ ಮಂಚಕ್ಕೆಂದು ಹನ್ನೆರಡು ಸಾವಿರ ರೂಪಾಯಿ ಕೇಳಿದ್ದರು. "ಇದ್ದ ಮಂಚಕ್ಕ ಏನಾತವ್ವಾ?" ಎಂದು ಕೇಳಿದೆವು. "ಬಾಳ ಅಲಗಾಡಾಕತ್ತೈತ್ರಿ ಸಿಸ್ಟರ್, ಗುಜರಿಯವ ಐದನೂರು ಕೊಡ್ತೀನಿ ಅಂದಾನ" ಎಂದರು. ಸಭೆ ಮುಗಿದ ಮೇಲೆ ಅವರ ಮನೆಗೆ ಹೋಗಿ ನೋಡಿದೆವು. ತವರಿನಿಂದ ಬಂದ ಸಾಗುವಾನಿ ಮಂಚ. ಕಟ್ಟಿಗೆ ಕಬ್ಬಿಣದ ಹಾಗೆ ಗಟ್ಟಿ ಇತ್ತು. ಕೆಟ್ಟಿದ್ದು ಒಂದು ಕಾಲಿನ ಜಾಯಿಂಟ್ ಮಾತ್ರ. ಒಂದು ಡಬ್ಬಿ ಫೆವಿಕಾಲ್, ಒಂದು ಹಗ್ಗ, ಒಂದು ದಿನದ ಬಿಡುವು, ಇಷ್ಟರಲ್ಲಿ ಮಂಚ ಸರಿಹೋಯಿತು. ಆ ಸಾಲದಲ್ಲಿ ಅವರು ಆಡು ತಂದರು.

ಅಂಗಡಿಯಲ್ಲಿ ಈಗ ಸಿಗುವ ಅಗ್ಗದ ಮಂಚ, ಕಪಾಟುಗಳು ಹೆಚ್ಚಾಗಿ ಕಟ್ಟಿಗೆ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ನೀರು ಬಿದ್ದರೆ ಉಬ್ಬುತ್ತವೆ, ಒಮ್ಮೆ ಸ್ಕ್ರೂ ಕಿತ್ತು ಬಂದರೆ ಮತ್ತೆ ಹಿಡಿಯುವುದಿಲ್ಲ. ಅಜ್ಜಿಯ ಕಾಲದ ಸಂದೂಕ ಹಾಗಲ್ಲ. ಅದನ್ನು ಬಿಚ್ಚಬಹುದು, ಮತ್ತೆ ಕೂಡಿಸಬಹುದು. ಆದ್ದರಿಂದ ಗುಜರಿಗೆ ಹಾಕುವ ಮೊದಲು ಕೆಟ್ಟಿರುವುದು ಕಟ್ಟಿಗೆಯೋ ಬರೀ ಜಾಯಿಂಟೋ ಎಂದು ಒಮ್ಮೆ ನೋಡಿ.

ಜಾಯಿಂಟ್ ಸಡಿಲಾಗುವುದು ಏಕೆ? ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಕಟ್ಟಿಗೆಯಲ್ಲಿದ್ದ ತೇವ ಹೋಗಿ ಅದು ಕುಗ್ಗುತ್ತದೆ. ಮಳೆಗಾಲದಲ್ಲಿ ಮತ್ತೆ ತೇವ ಹೀರಿ ಉಬ್ಬುತ್ತದೆ. ಹತ್ತಿಪ್ಪತ್ತು ವರ್ಷ ಹೀಗೆ ಉಬ್ಬಿ ಕುಗ್ಗಿ ಒಳಗಿನ ಹಳೆಯ ಅಂಟು ಪುಡಿಯಾಗುತ್ತದೆ. ಆಗ ನಾವು ಮಾಡುವ ಕೆಲಸವೇನು? ಸುತ್ತಿಗೆ ಹುಡುಕಿ ಒಂದು ಮೊಳೆ ಹೊಡೆಯುವುದು!

ಈ ತಪ್ಪನ್ನು ನಾವೂ ಮಾಡಿದ್ದೇವೆ. ನಾವಿರುವ ಮನೆಯ ಜಗುಲಿಯ ಬೆಂಚಿಗೆ ನಾಲ್ಕು ಸಲ ಮೊಳೆ ಹೊಡೆದೆವು. ಐದನೆಯ ಸಲ ಪಿಂಚಣಿ ಅರ್ಜಿ ಬರೆಸಲು ಬಂದ ಮುದುಕಿಯೊಬ್ಬರು ಕೂತಾಗ ಕಾಲು ಸೀಳಿ, ಅವರು ನೆಲಕ್ಕೆ ಬಿದ್ದರು. ಕೈಗೆ ಪೆಟ್ಟಾಗಿ ಮೂರು ವಾರ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಮೊಳೆಯು ಕಟ್ಟಿಗೆಯ ನಾರನ್ನು ಬಿರಿಸುತ್ತದೆ, ತುಕ್ಕು ಹಿಡಿಯುತ್ತದೆ, ಅಲಗಾಡಿದಷ್ಟೂ ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಆಮೇಲೆ ಬಡಿಗೇರರು ಬಂದರೂ ಆ ತುದಿಯನ್ನು ಕತ್ತರಿಸಿ ಬಿಸಾಕಬೇಕಾಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಸ್ಟೂಲ್ ಅಥವಾ ಕುರ್ಚಿಯ ಕಾಲುಗಳು ಅಲಗಾಡುತ್ತಿದ್ದರೆ, ಯಾವ ಕಾಲು ಯಾವ ತೂತಿನದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇದನ್ನು ಮರೆತರೆ ಕೂಡಿಸುವಾಗ ಯಾವುದೂ ಸರಿ ಕೂರುವುದಿಲ್ಲ. ಸುತ್ತಿಗೆಯ ಪೆಟ್ಟು ನೇರ ಕಟ್ಟಿಗೆಗೆ ಬೀಳದಂತೆ ಹಳೆ ಬಟ್ಟೆ ಇಟ್ಟು, ಮೆಲ್ಲಗೆ ಬಡಿದು ಬಿಚ್ಚಿ. ಒಳಗಿನ ಹಳೆಯ ಅಂಟನ್ನು ಚಾಕುವಿನಿಂದ ಪೂರ್ತಿ ಕೆರೆದು ತೆಗೆಯಿರಿ, ಕಟ್ಟಿಗೆಯ ಬಣ್ಣ ಕಾಣಬೇಕು. ಅವಸರದಲ್ಲಿ ಎಲ್ಲರೂ ಬಿಡುವುದು ಈ ಕೆಲಸವನ್ನೇ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ, ಎಣ್ಣೆ ಕುಡಿದ ಕಟ್ಟಿಗೆಗೂ ಹಿಡಿಯುವುದಿಲ್ಲ.

ಈಗ ಅಂಟು ಹಾಕದೆ ಒಮ್ಮೆ ಕೂಡಿಸಿ ನೋಡಿ. ತುದಿ ಸಡಿಲವಾಗಿ ಜಾರಿದರೆ ಅದಕ್ಕೆ ಹತ್ತಿ ನೂಲನ್ನು ಒತ್ತೊತ್ತಾಗಿ ಸುತ್ತಿ, ಇಲ್ಲವೆ ಬಡಿಗೇರರ ಮನೆಯಿಂದ ತೆಳುವಾದ ಕಟ್ಟಿಗೆ ಸಿಪ್ಪೆ ತಂದು ಅಂಟಿಸಿ. ಆಮೇಲೆ ತುದಿಗೂ ತೂತಿನ ಒಳಗೂ ಫೆವಿಕಾಲ್ ಸವರಿ ಕೂಡಿಸಿ. ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿ. ನಾಲ್ಕೂ ಕಾಲಿನ ಸುತ್ತ ಹಗ್ಗವನ್ನು ಎರಡು ಸುತ್ತು ಕಟ್ಟಿ, ನಡುವೆ ಒಂದು ಕೋಲು ತೂರಿಸಿ ತಿರುವುತ್ತಾ ಬಿಗಿ ಮಾಡಿ. ಚಕ್ಕಡಿಯ ಮೇಲೆ ಮೇವು ಬಿಗಿಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಂಟು ಹಸಿ ಇರುವಾಗಲೇ ಸಮನಾದ ಬಂಡೆಯ ಮೇಲೆ ನಿಲ್ಲಿಸಿ, ನಾಲ್ಕೂ ಕಾಲು ನೆಲ ಮುಟ್ಟುತ್ತವೆಯೇ ನೋಡಿ. ಒಂದು ಹಗಲು ಒಂದು ರಾತ್ರಿ ಯಾರೂ ಕೂರಬಾರದು. ಮಕ್ಕಳಿದ್ದ ಮನೆಯಲ್ಲಿ ಇದೇ ಕಷ್ಟದ ಕೆಲಸ.

ಸಂದೂಕದ ಅಥವಾ ಕಪಾಟಿನ ಕೀಲು ಕಿತ್ತು ಬಂದಿದ್ದರೆ ಇನ್ನೂ ಸುಲಭ. ಸ್ಕ್ರೂ ತೂತು ದೊಡ್ಡದಾಗಿದೆ, ಅಷ್ಟೇ. ಅದರೊಳಗೆ ಬೆಂಕಿಕಡ್ಡಿಗಳನ್ನು (ಮದ್ದಿನ ತಲೆ ಮುರಿದು) ಇಲ್ಲವೆ ಉರಿದು ಉಳಿದ ಊದುಬತ್ತಿಯ ಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ಬಿಗಿಯಾಗಿ ತುಂಬಿ. ಒಣಗಿದ ಮೇಲೆ ಸಮ ಕತ್ತರಿಸಿ, ಅದೇ ಸ್ಕ್ರೂಗೆ ಸ್ವಲ್ಪ ಸಾಬೂನು ಸವರಿ ತಿರುಗಿಸಿ.

ಇನ್ನು ಬಿರುಕು ತುಂಬುವ ವಿದ್ಯೆ. ಇದಕ್ಕೆ ನಾವು ಬೇರೆಲ್ಲೂ ಹೋಗಬೇಕಿಲ್ಲ, ಕೊಪ್ಪಳ ತಾಲ್ಲೂಕಿನ ಕಿನ್ನಾಳ ಇದೆ. ಅಲ್ಲಿಯ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗಳನ್ನು ಕೂಡಿಸಿದ ಮೇಲೆ 'ಕಿಟ್ಟ' ಎಂಬ ಹಿಟ್ಟನ್ನು ಮೈಗೆಲ್ಲ ಹಚ್ಚುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು ಅದು. ಅದರ ಮೇಲೆ ಹತ್ತಿಬಟ್ಟೆಯ ತುಂಡು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ನಾವೂ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ, ನೀರು ಹಾಕಿ ತಿರುವುತ್ತಾ ಕುದಿಸಿದರೆ ಒಳ್ಳೆಯ ಅಂಟು ಸಿಗುತ್ತದೆ. ಅದಕ್ಕೆ ಜರಡಿ ಹಿಡಿದ ಕಟ್ಟಿಗೆ ಪುಡಿ ಕಲಸಿ ಬಿರುಕಿಗೆ ಒತ್ತಿ. ಒಣಗಿದಾಗ ಕುಗ್ಗುವುದರಿಂದ ಸ್ವಲ್ಪ ಉಬ್ಬಿರುವಂತೆ ತುಂಬಿ, ನಂತರ ಉಜ್ಜುವ ಕಾಗದದಿಂದ ಸಮ ಮಾಡಿ. ಆದರೆ ಈ ಅಂಟು ನೀರಿಗೆ ಕರಗುತ್ತದೆ, ಹುಳಕ್ಕೂ ಇಲಿಗೂ ಇದು ಊಟ. ಭಾರ ಹೊರುವ ಜಾಯಿಂಟಿಗೆ ಫೆವಿಕಾಲೇ ಇರಲಿ. ಹಾಗೆಯೇ ನಿಮ್ಮ ಮನೆಯಲ್ಲಿ ಹಳೆಯ ಕಿನ್ನಾಳದ ಗೊಂಬೆಯಿದ್ದರೆ ಹಬ್ಬಕ್ಕೆಂದು ನೀರು ಹಾಕಿ ತೊಳೆಯಬೇಡಿ, ಬಣ್ಣವೆಲ್ಲ ಏಳುತ್ತದೆ. ಒಣ ಬಟ್ಟೆಯಿಂದ ಧೂಳು ತೆಗೆದು ಕಿನ್ನಾಳಕ್ಕೇ ಒಯ್ದು ತೋರಿಸಿ.

ಹುಳದ ಮಾತು. ಮಂಚದ ಸಂದಿನಲ್ಲಿ ತಗಣಿ ಇದ್ದರೆ ಅಂಟು ಹಾಕುವ ಮೊದಲೇ ಕುದಿಯುವ ನೀರು ಹೊಯ್ದು ಚೆನ್ನಾಗಿ ಒಣಗಿಸಿ. ಅಂಟಿಸಿದ ಮೇಲೆ ಹೊಯ್ದರೆ ಫೆವಿಕಾಲ್ ಮೆತ್ತಗಾಗುತ್ತದೆ. ಕಟ್ಟಿಗೆಯ ಸಣ್ಣ ತೂತುಗಳಿಂದ ಹಿಟ್ಟಿನಂತಹ ಪುಡಿ ದಿನವೂ ಉದುರುತ್ತಿದ್ದರೆ ಕುಟ್ಟೆ ಹುಳ ಒಳಗೆ ಇನ್ನೂ ಜೀವಂತ ಇದೆ ಎಂದರ್ಥ. ಮಣೆ, ಸಣ್ಣ ಸ್ಟೂಲನ್ನಾದರೆ ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಮೇ ತಿಂಗಳ ಬಿಸಿಲಲ್ಲಿ ಕೆಲವು ದಿನ ಇಡಿ, ಕಾವಿಗೆ ಹುಳ ಸಾಯುತ್ತದೆ. ಗೆದ್ದಲು ಬೇರೆಯೇ. ಅದು ಮಣ್ಣಿನಿಂದ ಬರುತ್ತದೆ. ಗಂಗಾವತಿ ಕಡೆ ಕಾಲುವೆ ನೀರಿನ ಊರುಗಳಲ್ಲಿ ನೆಲ, ಗೋಡೆ ತೇವ ಇರುವುದರಿಂದ ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ಕಾಲಿನ ಕೆಳಗೆ ಚಪ್ಪಡಿ ಕಲ್ಲಿಡಿ, ಮಣ್ಣಿನ ದಾರಿ ಕಂಡರೆ ಆಗಲೇ ಕೆಡವಿ. ಹೊಲಕ್ಕೆ ಹೊಡೆಯುವ ಔಷಧವನ್ನು ಮಂಚಕ್ಕೋ ತೊಟ್ಟಿಲಿಗೋ ಹಚ್ಚುವವರನ್ನು ಕಂಡಿದ್ದೇವೆ. ದಯವಿಟ್ಟು ಬೇಡ. ಕೂಸು ತೊಟ್ಟಿಲನ್ನು ನೆಕ್ಕುತ್ತದೆ.

ಗಂಗಾವತಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಕಪಾಟಿನ ಬಾಗಿಲು ಬಿಗಿಯಾದರೆ ಕೀಸಿಸಬೇಡಿ. ಸಂಕ್ರಾಂತಿ ಹೊತ್ತಿಗೆ ಅದೇ ಬಾಗಿಲಿನಲ್ಲಿ ಬೆರಳು ಹೋಗುವಷ್ಟು ಸಂದಾಗುತ್ತದೆ. ತಿಕ್ಕುವ ಜಾಗಕ್ಕೆ ಮೇಣದಬತ್ತಿ ಉಜ್ಜಿದರೆ ಸಾಕು.

ಹಳೆಯ ಬಣ್ಣ ಕೆರೆಯುವಾಗ ಎಚ್ಚರ. ನಮ್ಮ ದೇಶದಲ್ಲಿ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚು ಇರಬಹುದು. ಆ ಧೂಳು ಮಕ್ಕಳ ಮಿದುಳಿಗೆ ಕೆಡುಕು. ಒಣದಾಗಿ ಉಜ್ಜಬೇಡಿ, ನೀರು ಹಾಕಿ ಉಜ್ಜುವ ಕಾಗದ ತಂದು ಒದ್ದೆ ಮಾಡಿ ಉಜ್ಜಿ. ಬಾಯಿಗೆ ಬಟ್ಟೆ ಕಟ್ಟಿ, ಮಕ್ಕಳೂ ಬಸುರಿಯರೂ ಹತ್ತಿರ ಬರದಂತೆ ನೋಡಿಕೊಳ್ಳಿ. ಆಮೇಲೆ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಕೊನೆಗೆ ಎಣ್ಣೆ. ಶೇಂಗಾ ಎಣ್ಣೆ ಹಚ್ಚಿದರೆ ಅದು ಒಣಗುವುದಿಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪದರವಾಗುತ್ತದೆ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂದು ಕೇಳಿ ತನ್ನಿ. ಬಟ್ಟೆಯಲ್ಲಿ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ. ಲಟ್ಟಣಿಗೆ, ರೊಟ್ಟಿ ಬಡಿಯುವ ಹಲಗೆಗೆ ಮಾತ್ರ ಈ ಎಣ್ಣೆ ಬೇಡ, ಒಣಗಲೆಂದು ಅದರಲ್ಲಿ ಬೇರೆ ಮದ್ದು ಸೇರಿಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅದು ತನ್ನಷ್ಟಕ್ಕೆ ತಾನೇ ಕಾವೇರಿ ಬೆಂಕಿ ಹತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಒಣಹಾಕಿ.

ಎಲ್ಲವನ್ನೂ ನಾವೇ ಮಾಡಲು ಹೋಗಬಾರದು. ಅಡ್ಡ ಮುರಿದ ಕಾಲು, ತೊಟ್ಟಿಲಿನ ಕೊಂಡಿ, ಜೋಕಾಲಿ ಮಣೆ ಇವು ಬಡಿಗೇರರ ಕೆಲಸ. ಅವರಿಗೆ ಕೂಲಿ ಕೊಡಲು ಚೌಕಾಸಿ ಮಾಡಬೇಡಿ. ಅವರು ಸರಿಮಾಡಿ ಕೊಟ್ಟ ತೊಟ್ಟಿಲಲ್ಲಿ ಕೂಸನ್ನು ಮಲಗಿಸುವ ಮೊದಲು 20 ಕಿಲೋ ಜೋಳದ ಚೀಲ ಇಟ್ಟು ಒಂದು ರಾತ್ರಿ ತೂಗುಬಿಡಿ.

ಕುಷ್ಟಗಿ ತಾಲ್ಲೂಕಿನ ಒಂದು ಸಂಘದವರು ಸುತ್ತಿಗೆ, ಸ್ಕ್ರೂ ಡ್ರೈವರ್, ಚಾಕು, ಉಜ್ಜುವ ಕಾಗದ, ಹಗ್ಗ, ಫೆವಿಕಾಲ್ ಎಲ್ಲವನ್ನೂ ಸಂಘದ ಹಣದಲ್ಲೇ ತಂದು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಒಯ್ದವರ ಹೆಸರನ್ನು ಪುಸ್ತಕದಲ್ಲಿ ಬರೆಯುತ್ತಾರೆ. "ಹೆಣ್ಮಕ್ಕಳ ಕೈಯಾಗ ಸುತ್ತಿಗಿ ಯಾಕ?" ಎಂದು ನಕ್ಕ ಗಂಡಸರ ಮನೆಗೂ ಆ ಪೆಟ್ಟಿಗೆ ಈಗ ಹೋಗಿ ಬರುತ್ತಿದೆ. ನೀವೂ ಇಟ್ಟುಕೊಳ್ಳುವುದಾದರೆ ಫೆವಿಕಾಲ್ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ. ನಮ್ಮದು ಎರಡು ಸಲ ಒಣಗಿ ಕಲ್ಲಾಗಿದೆ.